ಸಹಾಯ ಬೇಕು: ಈ ಸ್ಯಾಂಡ್ ಪ್ಲೋವರ್ ಟಿಬೆಟನ್ನೋ, ಗ್ರೇಟರೋ?

ಎಲ್ಲರಿಗೂ ನಮಸ್ಕಾರ. ಚಳಿಗಾಲ ಶುರುವಾದಾಗಿನಿಂದ ಕಡಲತೀರದ ಪಕ್ಷಿವೀಕ್ಷಣೆ ಹಾದಿಯಲ್ಲಿ ಬೆಳಗ್ಗೆ ನಡೆಯುತ್ತಿದ್ದೇನೆ. ಒಂದು ಹಕ್ಕಿ ಮಾತ್ರ ತಲೆ ಕೆಡಿಸಿದೆ: ಸ್ಯಾಂಡ್ ಪ್ಲೋವರ್ ಅನ್ನುವ ಪುಟ್ಟ ತೀರದ ಹಕ್ಕಿ, ಆದರೆ ಅದರಲ್ಲಿ ಯಾವ ಜಾತಿ ಅಂತ ಗೊತ್ತಾಗುತ್ತಿಲ್ಲ.

ಕೆಸರಿನ ಅಂಚಲ್ಲಿ ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಹುಳ ಎಳೆಯುತ್ತದೆ. ಮೇಲೆಲ್ಲಾ ಬೂದುಗಂದು, ಹೊಟ್ಟೆ ಬಿಳಿ. ಕತ್ತಿನ ಹಿಂದೆ ಬಿಳಿ ಪಟ್ಟಿ ಇಲ್ಲ, ಹಾಗಾಗಿ ಇದೇ ಥರ ಕಾಣುವ ಕೆಂಟಿಶ್ ಪ್ಲೋವರ್ ಅಲ್ಲ. ಅಲ್ಲಿಯವರೆಗೆ ಸರಿ.

ಪುಸ್ತಕದ ಪ್ರಕಾರ ಗ್ರೇಟರ್ ಸ್ಯಾಂಡ್ ಪ್ಲೋವರ್ 22-25 ಸೆಂ.ಮೀ. ಇರುತ್ತದೆ, ಲೆಸ್ಸರ್ ಸ್ಯಾಂಡ್ ಪ್ಲೋವರ್ ಅದಕ್ಕಿಂತ ಸ್ವಲ್ಪ ಚಿಕ್ಕದು. ಆದರೆ ಒಂಟಿಯಾಗಿ ನಿಂತ ಹಕ್ಕಿಯ ಅಳತೆ ದೂರದಿಂದ ಹೇಗೆ ಗೊತ್ತಾಗಬೇಕು ಹೇಳಿ? ಉಬ್ಬರದ ಹೊತ್ತಿಗೆ ಹೋಗಿ ನೋಡಿದೆ, ಆಗ ಎಲ್ಲವೂ ದಡದ ಹತ್ತಿರ ಗುಂಪಾಗಿ ಕೂರುತ್ತವೆ. ಆದರೂ ಎಲ್ಲಾ ನಿದ್ದೆಯಲ್ಲಿ, ಕೊಕ್ಕು ರೆಕ್ಕೆಯೊಳಗೆ! ಕಾಲಿನ ಬಣ್ಣ ನೋಡೋಣವೆಂದರೆ ಬರೀ ಕೆಸರು. ಫೋಟೋ ಹಾಕಿದರೆ ಆ್ಯಪ್ ಒಮ್ಮೆ ಅದು, ಒಮ್ಮೆ ಇದು ಅನ್ನುತ್ತದೆ.

ಕೊಕ್ಕಿನ ಉದ್ದ ಅದರ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ದೂರಕ್ಕಿಂತ ಜಾಸ್ತಿ ಇದ್ದರೆ ಗ್ರೇಟರ್ ಅನ್ನುತ್ತಾರೆ. ನನ್ನ ಗೊಂದಲ ಇಲ್ಲೇ. ಈಗ ಲೆಸ್ಸರ್ ಅನ್ನು ಸೈಬೀರಿಯನ್, ಟಿಬೆಟನ್ ಅಂತ ಎರಡು ಜಾತಿ ಮಾಡಿದ್ದಾರಲ್ವಾ, ಅದರಲ್ಲಿ ಟಿಬೆಟನ್ ಕೊಕ್ಕು ಉದ್ದವೇ ಇರುತ್ತದೆ. ನನ್ನ ಫೋಟೋಗಳಲ್ಲಿ ಎರಡೂ ಅಳತೆ ಹೆಚ್ಚುಕಡಿಮೆ ಸಮ. ಸುಮ್ನೆ ಅಂದಾಜಿನಲ್ಲಿ ಹೆಸರು ಬರೆಯಲು ಮನಸ್ಸಿಲ್ಲ, ದಾಖಲೆ ನೋಡುವವರಿಗೆ ದಾರಿ ತಪ್ಪುತ್ತದೆ.

ಚಳಿಗಾಲದ ಪುಕ್ಕದಲ್ಲಿ, ಅಕ್ಕಪಕ್ಕ ಹೋಲಿಸಲು ಬೇರೆ ಹಕ್ಕಿ ಇಲ್ಲದಾಗ, ಟಿಬೆಟನ್ ಮತ್ತು ಗ್ರೇಟರ್ ಬೇರೆ ಮಾಡಲು ನೀವು ಮೊದಲು ಯಾವ ಗುರುತು ನೋಡುತ್ತೀರಿ? ಹಾರುವಾಗ ಬಾಲದಾಚೆ ಕಾಲ್ಬೆರಳು ಕಾಣುವುದನ್ನು ಗ್ರೇಟರ್ ಗುರುತೆಂದು ನಂಬಬಹುದಾ?