ಜಲ್ಲಿ ದಾರಿಯ ಅಂಚಿಗೆ ಏನು ಮಾಡಲಿ?

ಪ್ರಶ್ನೆ: ಗೇಟಿನಿಂದ ಮನೆವರೆಗೆ ಜಲ್ಲಿ ಹಾಕಿಸಿದ್ದೇನೆ. ಕಾರು ತಿರುಗಿದಾಗಲೆಲ್ಲ ಕಲ್ಲು ಹುಲ್ಲಿಗೆ ಸಿಡಿಯುತ್ತದೆ. ದಿನಾ ಬೆಳಿಗ್ಗೆ ಬಗ್ಗಿ ಆರಿಸುತ್ತಿದ್ದೇನೆ. ಅಂಚಿಗೆ ಸುಮ್ನೆ ಇಟ್ಟಿಗೆ ಜೋಡಿಸಿದೆ, ಒಂದೇ ಮಳೆಗೆ ವಾಲಿಕೊಂಡವು. ಅಂಚೂ ನಿಲ್ಲಬೇಕು, ಪಕ್ಕದಲ್ಲಿ ಹಸಿರೂ ಬೇಕು. ಏನು ಮಾಡಲಿ?

ಉತ್ತರ 1: ಇಟ್ಟಿಗೆಯ ತಪ್ಪಲ್ಲ, ಬುಡ ಗಟ್ಟಿಯಿಲ್ಲ ಅಷ್ಟೇ. ಉದ್ದಕ್ಕೂ ತೋಡು ತೆಗೆದು, ಕಾಂಕ್ರೀಟ್ ಹಾಸಿನ ಮೇಲೆ ಕಲ್ಲು ಕೂರಿಸಿ. ಅರ್ಧದಷ್ಟು ಮಣ್ಣೊಳಗೆ ಇರಲಿ. ಹಿಂಬದಿಗೂ ಕಾಂಕ್ರೀಟ್ ಒತ್ತು ಕೊಡಿ. ಜಲ್ಲಿಗಿಂತ 3 ಸೆಂ.ಮೀ. ಎತ್ತರ ಸಾಕು. ಆದರೆ ನೀರು ಹೋಗಲು ಅಲ್ಲಲ್ಲಿ ಸಂದಿ ಬಿಡಲೇಬೇಕು, ಮರೀಬೇಡಿ.

ಉತ್ತರ 2: ಜಲ್ಲಿ ಉರುಟಾಗಿದೆಯಾ? ನದಿ ಕಲ್ಲಿನಂಥದ್ದು ಉರುಳುತ್ತಲೇ ಇರುತ್ತದೆ. ಮೂಲೆ ಚೂಪಾದ ಒಡೆದ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

ಉತ್ತರ 3: ಗಿಡ ಅಂಚಿಗೆ ಅಂಟಿಸಿ ನೆಡಬೇಡಿ. ಚಕ್ರ, ಕಾರಿನ ಬಾಗಿಲು ಎರಡಕ್ಕೂ ಜಾಗ ಬೇಕಲ್ವಾ? ಎರಡಡಿ ಬಿಟ್ಟು ಗಿಡ್ಡ ಹುಲ್ಲಿನ ಗುಂಪುಗಳನ್ನು ನೆಡಿ. ಎಲೆ ಜಾಸ್ತಿ ಉದುರುವ ಗಿಡ ಬೇಡ. ಉದುರಿದ್ದು ಕಲ್ಲಿನ ಸಂದಿಯಲ್ಲಿ ಕೊಳೆತು ಮಣ್ಣಾಗುತ್ತದೆ, ಕಳೆ ಅಲ್ಲೇ ಬೇರು ಬಿಡುತ್ತದೆ.

ಪ್ರಶ್ನೆ ಕೇಳಿದವರು: ನನ್ನದು ಉರುಟು ಕಲ್ಲೇ! ಈ ಭಾನುವಾರ ತೋಡು ಶುರು ಮಾಡುತ್ತೇನೆ, ತಿರುವಿನಿಂದಲೇ.