ಆಂಟಿವೈರಸ್ ತೆಗೆದ ಮೇಲೂ ಔಟ್‌ಲುಕ್‌ನಲ್ಲಿ ಆಡ್-ಇನ್ ಎರರ್

ಪ್ರಶ್ನೆ:

ನಮಸ್ಕಾರ. ಹಳೇ ಆಂಟಿವೈರಸ್‌ನ ಲೈಸೆನ್ಸ್ ಮುಗಿದಿತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಅವತ್ತಿನಿಂದ ಔಟ್‌ಲುಕ್ ತೆರೆದಾಗಲೆಲ್ಲ "ಆಡ್-ಇನ್ ಲೋಡ್ ಮಾಡಲು ಆಗಲಿಲ್ಲ" ಎಂಬ ಎರರ್ ಬರುತ್ತಿದೆ. ಅದರಲ್ಲಿ ಒಂದು ಡಿಎಲ್‌ಎಲ್ ಫೈಲಿನ ವಿಳಾಸ ಇದೆ. ಅಲ್ಲಿಗೆ ಹೋಗಿ ನೋಡಿದರೆ ಆ ಫೋಲ್ಡರೇ ಇಲ್ಲ! ಆಫೀಸ್ ರಿಪೇರಿ ಎರಡು ಸಲ ಓಡಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ವಿಂಡೋಸ್ 7, ಔಟ್‌ಲುಕ್ 2007. ಎಲ್ಲ ತೆಗೆದು ಹೊಸದಾಗಿ ಹಾಕಬೇಕಾ? ವರ್ಷಗಟ್ಟಲೆ ಕೂಡಿಟ್ಟ ಮೇಲ್‌ಗಳಿವೆ, ಕೈ ಹಾಕೋಕೆ ಭಯ ಆಗ್ತಿದೆ.

ಉತ್ತರ:

ಹೊಸದಾಗಿ ಹಾಕುವುದು ಬೇಡವೇ ಬೇಡ. ನಿಮ್ಮ ಮೇಲ್‌ಗಳಿಗೆ ಏನೂ ಆಗಿಲ್ಲ. ಅವು ಪಿಎಸ್‌ಟಿ ಫೈಲಿನಲ್ಲಿರುತ್ತವೆ, ಈ ಎರರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಔಟ್‌ಲುಕ್ ಮುಚ್ಚಿ ಆ ಫೈಲಿನ ಒಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಆಗಿರೋದು ಇಷ್ಟು. ಮೇಲ್ ಸ್ಕ್ಯಾನ್ ಮಾಡಲು ಆಂಟಿವೈರಸ್ ತನ್ನದೊಂದು ಡಿಎಲ್‌ಎಲ್ ಅನ್ನು, ಅಂದರೆ ಪ್ರೋಗ್ರಾಂ ಕೋಡ್ ಇರುವ ಫೈಲನ್ನು, ಔಟ್‌ಲುಕ್‌ಗೆ ಜೋಡಿಸಿತ್ತು. ಇಂಥ ಜೋಡಣೆಗೇ ಆಡ್-ಇನ್ ಅನ್ನುವುದು. ತೆಗೆಯುವಾಗ ಫೈಲ್ ಹೋಯಿತು, "ಈ ಫೈಲನ್ನು ಲೋಡ್ ಮಾಡು" ಎಂಬ ನಮೂದು ಮಾತ್ರ ಉಳಿಯಿತು. ಔಟ್‌ಲುಕ್ ಪ್ರತಿ ಸಲ ಅದನ್ನು ಓದಿ, ಇಲ್ಲದ ಫೈಲನ್ನು ಹುಡುಕುತ್ತಿದೆ. ಆಫೀಸ್ ರಿಪೇರಿ ಸರಿಮಾಡುವುದು ಆಫೀಸ್‌ನ ಸ್ವಂತ ಫೈಲುಗಳನ್ನು. ಬೇರೆಯವರು ಬಿಟ್ಟುಹೋದ ನಮೂದಿನ ತಂಟೆಗೆ ಅದು ಹೋಗುವುದಿಲ್ಲ. ಇದು ಗೊತ್ತಿಲ್ಲದೆ ನಾನೂ ಒಮ್ಮೆ ರಾತ್ರಿಯೆಲ್ಲ ಕೂತು ಆಫೀಸ್ ತೆಗೆದು ಹಾಕಿದ್ದೆ. ಬೆಳಿಗ್ಗೆ ತೆರೆದರೆ ಅದೇ ಎರರ್.

ಮೊದಲು ಕಂಟ್ರೋಲ್ ಕೀ ಒತ್ತಿಹಿಡಿದು ಔಟ್‌ಲುಕ್ ಐಕಾನ್ ಕ್ಲಿಕ್ ಮಾಡಿ. ಸೇಫ್ ಮೋಡ್‌ನಲ್ಲಿ ತೆರೆಯಲಾ ಅಂತ ಕೇಳುತ್ತದೆ, ಹೌದು ಅನ್ನಿ. ಎರರ್ ಬರಲಿಲ್ಲ ಅಂದ್ರೆ ತಪ್ಪು ಆಡ್-ಇನ್‌ನದೇ.

ಈಗ ಔಟ್‌ಲುಕ್ ಮುಚ್ಚಿ. ಟಾಸ್ಕ್ ಮ್ಯಾನೇಜರ್ ತೆರೆದು ಅದು ನಿಜವಾಗಿ ಮುಚ್ಚಿದೆಯಾ ನೋಡಿ, ಕೆಲವೊಮ್ಮೆ ವಿಂಡೋ ಹೋದರೂ ಹಿಂದೆ ಓಡುತ್ತಲೇ ಇರುತ್ತದೆ. ನಂತರ ಅಡಗಿಸಿದ ಫೋಲ್ಡರ್‌ಗಳು ಕಾಣುವ ಹಾಗೆ ಮಾಡಿಕೊಂಡು, ನಿಮ್ಮ ಯೂಸರ್ ಫೋಲ್ಡರ್‌ನಿಂದ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಹೀಗೆ ಒಳಗೆ ಹೋಗಿ. ಅಲ್ಲಿ ಎಕ್ಸ್‌ಟೆಂಡ್ ಡಾಟ್ ಡ್ಯಾಟ್ ಎಂಬ ಪುಟ್ಟ ಫೈಲ್ ಇರುತ್ತದೆ. ಜೋಡಿಸಿಕೊಂಡಿರುವ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ಔಟ್‌ಲುಕ್ ಇಟ್ಟುಕೊಳ್ಳುವುದು ಅದರಲ್ಲೇ. ಡಿಲೀಟ್ ಮಾಡಬೇಡಿ, ಕೊನೆಯ ಡ್ಯಾಟ್ ಜಾಗದಲ್ಲಿ ಓಲ್ಡ್ ಅಂತ ಹೆಸರು ಬದಲಿಸಿದರೆ ಸಾಕು. ಪಕ್ಕದಲ್ಲೇ ಪಿಎಸ್‌ಟಿ ಫೈಲೂ ಇರಬಹುದು, ಅದನ್ನು ಮುಟ್ಟಬೇಡಿ. ಮತ್ತೆ ತೆರೆದಾಗ ಔಟ್‌ಲುಕ್ ಹೊಸ ಪಟ್ಟಿ ತಾನೇ ಮಾಡಿಕೊಳ್ಳುತ್ತದೆ.

ಅಷ್ಟಾದ ಮೇಲೂ ಎರರ್ ಮರಳಿದರೆ ಟೂಲ್ಸ್ ಮೆನುವಿನಲ್ಲಿ ಟ್ರಸ್ಟ್ ಸೆಂಟರ್, ಅದರಲ್ಲಿ ಆಡ್-ಇನ್ಸ್ ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಮ್ ಆಡ್-ಇನ್ಸ್, ಎಕ್ಸ್‌ಚೇಂಜ್ ಕ್ಲೈಂಟ್ ಎಕ್ಸ್‌ಟೆನ್ಷನ್ಸ್ ಎರಡೂ ಇವೆ. ಎರಡನ್ನೂ ತೆರೆದು ಆಂಟಿವೈರಸ್ ಹೆಸರಿನದ್ದರ ಟಿಕ್ ತೆಗೆಯಿರಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್! ಹೆಸರು ಬದಲಿಸಿದ ತಕ್ಷಣ ಆ ಎರರ್ ಹೋಯಿತು. ಆದರೆ ಒಂದು ಅಕೌಂಟ್‌ನಲ್ಲಿ ಮಾತ್ರ ಮೇಲ್ ಬರುತ್ತಿಲ್ಲ. ಸರ್ವರ್‌ಗೆ ಕನೆಕ್ಟ್ ಆಗಲಿಲ್ಲ ಅನ್ನುತ್ತೆ. ಕೋಡ್ 0ಎಕ್ಸ್800ಸಿಸಿಸಿ0ಇ. ಇಂಟರ್ನೆಟ್ ಚೆನ್ನಾಗೇ ಇದೆ.

ಉತ್ತರ:

ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಒಳಬರುವ ಸರ್ವರ್ ಜಾಗದಲ್ಲಿ ಏನಿದೆ ನೋಡಿ. 127.0.0.1 ಅಥವಾ ಲೋಕಲ್‌ಹೋಸ್ಟ್ ಅಂತ ಇದೆಯಾ?

ಪ್ರಶ್ನೆ ಕೇಳಿದವರು:

ಹೌದು, 127.0.0.1. ಯೂಸರ್ ನೇಮ್ ಕೂಡ ವಿಚಿತ್ರವಾಗಿದೆ, ಹೆಸರಿನ ಜೊತೆಗೆ ಸರ್ವರ್ ಹೆಸರೂ ಅಂಟಿಕೊಂಡಿದೆ.

ಉತ್ತರ:

ಹಾಗಾದರೆ ಸಿಕ್ಕಿತು. 127.0.0.1 ಅಂದರೆ ನಿಮ್ಮದೇ ಕಂಪ್ಯೂಟರ್. ಕೆಲವು ಹಳೇ ಆಂಟಿವೈರಸ್‌ಗಳು ಮೇಲ್ ಮೊದಲು ತಮ್ಮ ಬಳಿ ಬರಲಿ ಅಂತ ಸರ್ವರ್ ಹೆಸರು ತೆಗೆದು ಇದನ್ನು ಬರೆಯುತ್ತಿದ್ದವು, ನಿಜವಾದ ಹೆಸರನ್ನು ಯೂಸರ್ ನೇಮ್‌ಗೆ ಸೇರಿಸಿಡುತ್ತಿದ್ದವು. ಈಗ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಆ ಸರ್ವರ್ ಹೆಸರನ್ನು ಅದರ ಜಾಗಕ್ಕೆ ಹಾಕಿ, ಯೂಸರ್ ನೇಮ್ ಮೊದಲಿನ ಹಾಗೆ ಮಾಡಿ. ಹೊರಹೋಗುವ ಸರ್ವರ್ ಕೂಡ ನೋಡಿ. ಪೋರ್ಟ್ ಬದಲಾಗಿದ್ದರೆ, ಎನ್‌ಕ್ರಿಪ್ಷನ್ ಇರುವ ಪಾಪ್‌ಗೆ (ಮೇಲ್ ಇಳಿಸಿಕೊಳ್ಳುವ ವಿಧಾನ) ಸಾಮಾನ್ಯವಾಗಿ 995, ಕಳಿಸುವುದಕ್ಕೆ 465 ಅಥವಾ 587. ನಿಮ್ಮ ಮೇಲ್ ಕೊಡುವವರು ಯಾವುದು ಹೇಳಿದ್ದಾರೋ ಅದನ್ನೇ ಹಾಕಿ.

ಇನ್ನೊಬ್ಬರು:

ನನ್ನದೂ ಇದೇ ತೊಂದರೆ, ಆದರೆ ಔಟ್‌ಲುಕ್ 2016. ಆ ಎಕ್ಸ್‌ಟೆಂಡ್ ಫೈಲ್ ಸಿಗ್ತಾ ಇಲ್ಲ.

ಉತ್ತರ:

ಸಿಗಲ್ಲ. 2010ರ ಆವೃತ್ತಿಯಿಂದ ಆ ಹಳೇ ಎಕ್ಸ್‌ಟೆನ್ಷನ್ ಪದ್ಧತಿಯನ್ನೇ ಕೈಬಿಟ್ಟರು. ನೀವು ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗೆ ಕಾಮ್ ಆಡ್-ಇನ್ಸ್ ಆರಿಸಿ ಗೋ ಒತ್ತಿ ಟಿಕ್ ತೆಗೆಯಿರಿ. ಬದಲಿಸಲು ಬಿಡದಿದ್ದರೆ ಔಟ್‌ಲುಕ್ ಮುಚ್ಚಿ, ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ತೆರೆಯಿರಿ. ವಿಂಡೋಸ್ ಸೆಟ್ಟಿಂಗ್‌ಗಳು ಇರುವ ರಿಜಿಸ್ಟ್ರಿಗೆ ಕೈ ಹಾಕುವುದು ಕೊನೆಗೆ, ಅದೂ ಆ ಆಡ್-ಇನ್‌ನ ಕೀ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು. ಅಲ್ಲಿ ಆಡ್-ಇನ್‌ನ ಲೋಡ್‌ಬಿಹೇವಿಯರ್ ಎಂಬ ನಮೂದು 3 ಇದ್ದರೆ ಔಟ್‌ಲುಕ್ ಜೊತೆಗೇ ಲೋಡ್ ಆಗುತ್ತದೆ, 2 ಮಾಡಿದರೆ ಸುಮ್ನಿರುತ್ತದೆ.

ಪ್ರಶ್ನೆ ಕೇಳಿದವರು:

ಮೇಲ್ ಬಂತು ಸರ್! ಎಂಟು ದಿನದ್ದು ಒಟ್ಟಿಗೇ ಇಳಿಯುತ್ತಿದೆ.

ಉತ್ತರ:

ಖುಷಿಯಾಯಿತು. ಆದರೆ ಆಂಟಿವೈರಸ್ ಇಲ್ಲದೆ ಬಿಡಬೇಡಿ. ವಿಂಡೋಸ್ 7ರ ಜೊತೆ ಬರುವ ಡಿಫೆಂಡರ್ ಪೂರ್ತಿ ಆಂಟಿವೈರಸ್ ಅಲ್ಲ, ಸ್ಪೈವೇರ್ ಅಷ್ಟೇ ಹಿಡಿಯುತ್ತದೆ. ಹೊಸದು ಹಾಕುವಾಗ ಕಸ್ಟಮ್ ಆರಿಸಿ, ಔಟ್‌ಲುಕ್ ಆಡ್-ಇನ್ ಅಂತ ಕಂಡರೆ ಟಿಕ್ ತೆಗೆಯಿರಿ. ಅಟ್ಯಾಚ್‌ಮೆಂಟ್ ತೆರೆಯುವಾಗ ರಿಯಲ್-ಟೈಮ್ ಸ್ಕ್ಯಾನ್ ಹೇಗೂ ಅದನ್ನು ನೋಡುತ್ತದೆ.