ಕೋಡೆಕ್2 1300ದಾಗ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗ್ಲಿಕತ್ತದ, ಏನ್ ಮಾಡ್ಲಿ?

ಕೋಥ್ರೂಡ್ ಹುಡುಗ:
ನಮಸ್ಕಾರ್ರೀ. ನಾವು ಪುಣೆದಾಗಿನ ನಾಕೈದು ಮಂದಿ ರಾಜಗಡ, ತೋರಣಾ ಕಡೆ ಟ್ರೆಕ್ ಹೋಗ್ತಿರ್ತೀವಿ, ಅಲ್ಲೆ ನೆಟ್‌ವರ್ಕ್ ನೆಚ್ಚಂಗಿಲ್ಲ ಅಂತ ಇಎಸ್‌ಪಿ32 ಅನ್ನೂ ಸಣ್ಣ ಚಿಪ್‌ಬೋರ್ಡಿಗೆ ಲೋರಾ (ಕಮ್ಮಿ ಕರೆಂಟಿನಾಗ ದೂರ ಮುಟ್ಟೂ ರೇಡಿಯೋ) ಮಾಡ್ಯೂಲ್ ಕೂಡ್ಸಿ ವಾಕಿಟಾಕಿ ಥರ ಮಾಡೀನಿ. ಎಸ್‌ಎಫ್7 (ಸ್ಪ್ರೆಡಿಂಗ್ ಫ್ಯಾಕ್ಟರ್, ಇದು ಏರಿದಷ್ಟೂ ದೂರ ಹೋಗ್ತದ, ವೇಗ ಇಳೀತದ), 125 ಕಿಲೋಹರ್ಟ್ಸ್, ಅಂದ್ರ ಸುಮಾರು 5.4 ಕೆಬಿಪಿಎಸ್, ಮಾತನ್ನ ಹಿಂಡಿ ಸಣ್ಣದ ಮಾಡೂ ಕೋಡೆಕ್2 ಸಾಫ್ಟ್‌ವೇರಿನ 1300 ಮೋಡ್ (ಸೆಕೆಂಡಿಗೆ 1300 ಬಿಟ್) ಆರಾಮ ಹಿಡಸ್ತದ. ಧ್ವನಿ ಮಾತ್ರ ತಗಡಿನ ಡಬ್ಬಿಯೊಳಗ ಕುಂತು ಮಾತಾಡಿದಂಗ. ‘ಹಳ್ಳಿ ಕಡೆ ಇಳೀರಿ’ ಅಂದ್ರ ‘ಹಲ್ಲಿ’ ಅಂತ ಕೇಳ್ತದ, ಸ ಬಂದಲ್ಲೆಲ್ಲಾ ಖರ್ರ್. 3200ಕ್ಕ ಏರಿಸಿದ್ರೂ ಖರ್ರ್ ಹೋಗವಲ್ದು.

ಡೊಂಬಿವಲಿ ರೇಡಿಯೋ:
1300ರಲ್ಲಿ 40 ಮಿಲಿಸೆಕೆಂಡಿಗೆ ಸಿಗೋದು ಬರೀ 52 ಬಿಟ್ ಅಣ್ಣ, ಅಷ್ಟರಲ್ಲೇ ಪಿಚ್, ಎನರ್ಜಿ, ಬಾಯಿ-ಗಂಟಲಿನ ಆಕಾರ ಎಲ್ಲ ತುರುಕಬೇಕು, ಫೇಸ್ (ಅಲೆಗಳು ಒಂದಕ್ಕೊಂದು ಹೆಂಗೆ ಹೊಂದ್ಕೊಂಡಿವೆ ಅನ್ನೋದು) ಅಂತೂ ಕಳಿಸೋದೇ ಇಲ್ಲ, ಆ ಕಡೆ ಡಿಕೋಡರ್ ಅಂದಾಜಲ್ಲಿ ಕಟ್ಕೊಳತ್ತೆ, ಡಬ್ಬಿ ಸದ್ದಿಗೆ ಅದೂ ಒಂದು ಕಾರಣ. ಳ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚತ್ತಲ್ಲ, ಆಗ ಮೂರನೇ ಫಾರ್ಮೆಂಟ್ (ಬಾಯಿ-ಗಂಟಲಿನ ಆಕಾರದಿಂದ ಜೋರಾಗೋ ಕಂಪನ) ಕೆಳಗಿಳಿಯುತ್ತೆ. ಬಿಟ್ ಕಮ್ಮಿಯಾದ್ರೆ ಅಳಿಸಿಹೋಗೋದು ಇಂಥ ಸಣ್ಣ ಇಳಿತಗಳೇ. ಬಾಯಿ-ಗಂಟಲಿನ ಆಕಾರನ ಕೆಲವೇ ಅಂಕಿಗಳಲ್ಲಿ ಹಿಡಿಯೋ ಈ ಎಲ್‌ಪಿಸಿ ವಿದ್ಯೆ ಬೆಳೆಸಿದ ಬಿಷ್ಣು ಅಟಲ್ ಬೆಲ್ ಲ್ಯಾಬ್ಸ್‌ಗೆ ಹೋಗೋ ಮುಂಚೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಾಠ ಮಾಡ್ತಿದ್ರು, ಅವರ ಕಿವಿಗೂ ನಮ್ಮ ಳ ಬಿದ್ದಿರತ್ತೆ ಬಿಡಿ :)
ಆದ್ರೆ 3200ರಲ್ಲೂ ಖರ್ರ್ ಅಂದ್ರೆ ಕೋಡೆಕ್ ಮೇಲೆ ನಂಗೆ ಡೌಟಿಲ್ಲ. ಮೈಕಿನ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸಿಂದ ಕೋಡೆಕ್‌ಗೆ ಬೇಕಾದ 8ಕ್ಕೆ ಹೆಂಗೆ ಇಳಿಸ್ತಿದೀರ?

ವಾಸ್ಕೋದಿಂದ:
ಎಲ್‌ಪಿಸಿನೆಟ್ ಅನ್ನುವ ನ್ಯೂರಲ್ (ಎಐ ಬಳಸುವ) ಕೋಡೆಕ್ ನೋಡಿ ಮಾರಾಯ್ರೆ, 2019ರಲ್ಲೇ 1.6 ಕೆಬಿಪಿಎಸ್‌ನಲ್ಲಿ ಮನುಷ್ಯರ ಹಾಗೆ ಮಾತಾಡಿಸಿದ್ದಾರೆ. ಫೋನಲ್ಲಿ ಓಡ್ತದೆ, ಇಎಸ್‌ಪಿ32ಗೆ ಅದು ಭಾರ. ಒಂದೇ ಭಯ, ನ್ಯೂರಲ್ ಕೋಡೆಕ್ ತಪ್ಪಿದ್ರೂ ಖರ್ರ್ ಅನ್ನುದಿಲ್ಲ, ತಪ್ಪನ್ನೇ ನೀಟಾಗಿ ಹೇಳಿಬಿಡ್ತದೆ. ಕೋಟೆ ಮೇಲೆ ದಾರಿ ಹೇಳ್ಲಿಕ್ಕೆ ನಂಗಂತೂ ಡಬ್ಬಿ ಸದ್ದೇ ಸಾಕು.

ಕೋಥ್ರೂಡ್ ಹುಡುಗ:
@ಡೊಂಬಿವಲಿ ಆರಕ್ಕೊಂದು ಸ್ಯಾಂಪಲ್ ಆರಿಸ್ಕೋತೀನ್ರಿ, ಉಳಿದದ್ದು ಬಿಡ್ತೀನಿ. ತಪ್ಪೇನದ?

ಡೊಂಬಿವಲಿ ರೇಡಿಯೋ:
ಸಿಕ್ಕಿದ ಕಳ್ಳ. ಸ ಶಬ್ದದ ಬಲ ಹೆಚ್ಚಿರೋದು 4 ಕಿಲೋಹರ್ಟ್ಸ್ ಮೇಲೆ, ಫಿಲ್ಟರ್ ಇಲ್ದೆ ಆರಿಸಿದ್ರೆ ಅದೆಲ್ಲ ಮಡಚ್ಕೊಂಡು ಕೆಳಗೆ ಬಂದು ಕೂರತ್ತೆ, ಕೋಡೆಕ್ ಪಾಪ ಅದನ್ನೂ ಮಾತು ಅಂದ್ಕೊಳತ್ತೆ. ಮೊದ್ಲು 3.5 ಕಿಲೋಹರ್ಟ್ಸ್ ಹತ್ರ ಲೋಪಾಸ್ ಫಿಲ್ಟರ್ (ಅದರ ಮೇಲಿನ ಸದ್ದು ತಡೆಯೋದು) ಹಾಕಿ, ಆಮೇಲೆ ಆರಿಸಿ. ಮೈಕಿಗೆ ಸ್ಪಂಜ್ ಸುತ್ತಿ, ಗಾಳಿ ಸದ್ದಿದ್ರೆ ಪಿಚ್ ಹುಡುಕೋದೇ ತಪ್ಪತ್ತೆ.

ಕೋಥ್ರೂಡ್ ಹುಡುಗ:
ಹಾಕಿದ್ನಿರೀ, ನಿನ್ನೆ ರಾತ್ರಿ ಟೆರೇಸ್ ಮ್ಯಾಲ ನಿಂತು ನೋಡಿದೆ, ಖರ್ರ್ ಹೋತು. 3200ದಾಗ ಹಳ್ಳಿ ಹಳ್ಳೀನೇ. 1300ದಾಗ ಇನ್ನೂ ಹಲ್ಲಿ, ನಮ್ಮವ್ವ ಕೇಳಿ ‘ಯಾರಿಗ್ ನೆಗಡಿ ಆಗೇದ’ ಅಂದ್ಳು. ಆದ್ರ ದೂರ ಹೋಗ್ಲಿ ಅಂತ ಎಸ್‌ಎಫ್8 ಮಾಡಿದ್ರ ಸಿಗೂದು 3.1 ಕೆಬಿಪಿಎಸ್ ಅಷ್ಟ, 3200 ಹಿಡಸೂದಿಲ್ಲ. 2400 ಹಚ್ಚಿ ನೋಡ್ಲಿಕತ್ತೀನಿ.